ಗಿರಾಕಿಗೆ ಅಡುಗೆಮನೆ ತೋರಿಸಿದ ಮಯ್ಯರು: ರವೆ ಇಡ್ಲಿ ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ದೊಡ್ಡಬಳ್ಳಾಪುರದ ನಮ್ಮ ಮನೆಯವರ ವಾಟ್ಸ್ಯಾಪ್ ಗ್ರೂಪಿಗೆ ಒಂದೇ ವಾರದಲ್ಲಿ ಎರಡು ಫಾರ್ವರ್ಡ್ ಬಂದವು. ಎರಡನ್ನೂ ಕಳಿಸಿದ್ದು ನಮ್ಮ ಸೋದರಮಾವ. ಮೊದಲನೆಯದರ ಪ್ರಕಾರ, ಫಾಸ್ಟ್ ಫುಡ್ ಅನ್ನುವುದು ವಿದೇಶಿ ಕಂಪನಿಗಳು 1995ರಲ್ಲಿ ಬೆಂಗಳೂರಿಗೆ ತಂದ ರೋಗ, ಅದಕ್ಕೂ ಮುಂಚೆ ನಮ್ಮ ಜನ ಹೊರಗೆ ತಿನ್ನುತ್ತಲೇ ಇರಲಿಲ್ಲ. ಎರಡನೆಯದರ ಪ್ರಕಾರ, ರವೆ ಇಡ್ಲಿಯನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಎಂಟಿಆರ್ ಹೋಟೆಲಿನವರು ಕಂಡುಹಿಡಿದರು, ಅದರಲ್ಲಿ ಅಕ್ಕಿ ಇಲ್ಲದ ಕಾರಣ ಅದು ಶುಗರ್ ಇರುವವರಿಗೆ ಔಷಧಿ ಇದ್ದಹಾಗೆ.

ಇಂಥ ಮೆಸೇಜ್ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಯಾವ ಅರ್ಧ ಯಾವುದು ಅಂತ ಗೊತ್ತಾಗಬೇಕಾದರೆ ಒಬ್ಬ ಮನುಷ್ಯನ ಬದುಕನ್ನು ನೋಡಬೇಕು. ಅವರ ಹೆಸರು ಯಜ್ಞನಾರಾಯಣ ಮಯ್ಯ. ತೀರಿಕೊಂಡು ಅರ್ಧ ಶತಮಾನಕ್ಕೂ ಹೆಚ್ಚಾಯಿತು. ಹೆಸರು ಕೇಳಿದರೆ ಎಷ್ಟೋ ಜನಕ್ಕೆ ತಕ್ಷಣ ಗೊತ್ತಾಗುವುದಿಲ್ಲ, ಆದರೆ ಅವರ ಹೋಟೆಲಿನ ಮೂರಕ್ಷರ ಹೇಳಿದರೆ ಗೊತ್ತಿಲ್ಲದವರು ಇಲ್ಲ.

ಮೊದಲು ಆ 1995ರ ಲೆಕ್ಕ ಮುಗಿಸಿಬಿಡೋಣ. ಕೆಎಫ್‌ಸಿ ಭಾರತದ ತನ್ನ ಮೊದಲ ಅಂಗಡಿಯನ್ನು ಆ ವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದದ್ದು ನಿಜ. ಅದೇ ವರ್ಷ ಅಜಿನೊಮೊಟೊ ಹೆಚ್ಚಿದೆ ಎಂದು ಮಹಾನಗರ ಪಾಲಿಕೆ ಅದರ ಲೈಸೆನ್ಸ್ ರದ್ದು ಮಾಡಿದ್ದು, ವಿಷಯ ಹೈಕೋರ್ಟಿಗೆ ಹೋದದ್ದು, 1996ರ ಜನವರಿಯಲ್ಲಿ ರೈತ ಸಂಘದ ಕಾರ್ಯಕರ್ತರು ಅಂಗಡಿಗೆ ನುಗ್ಗಿದ್ದು ಕೂಡ ನಿಜ. ಆದರೆ ಆ ಹೊತ್ತಿಗೆ ಲಾಲ್‌ಬಾಗ್ ಹತ್ತಿರದ ಮಯ್ಯರ ಹೋಟೆಲಿಗೆ 71 ವರ್ಷ ಆಗಿತ್ತು. ಬೇಗ ಸಿಗುವ, ಮನೆಯ ಹೊರಗೆ ತಿನ್ನುವ ತಿಂಡಿ ಬೆಂಗಳೂರಿಗೆ ವಿಮಾನದಲ್ಲಿ ಬರಲಿಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬಂತು.

ಪಾರಂಪಳ್ಳಿಯಿಂದ ಲಾಲ್‌ಬಾಗಿಗೆ

ಮಯ್ಯರ ಊರು ಪಾರಂಪಳ್ಳಿ. ಇವತ್ತಿನ ಉಡುಪಿ ಜಿಲ್ಲೆಯ ಕೋಟ, ಸಾಲಿಗ್ರಾಮದ ಪಕ್ಕದ ಹಳ್ಳಿ. ಆಗ ಅದು ಮದರಾಸು ಪ್ರೆಸಿಡೆನ್ಸಿಗೆ ಸೇರಿದ್ದ ದಕ್ಷಿಣ ಕನ್ನಡ. ಬೆಂಗಳೂರು ಮೈಸೂರು ಮಹಾರಾಜರ ರಾಜ್ಯದಲ್ಲಿತ್ತು. ಅಂದರೆ ಕನ್ನಡ ಮಾತಾಡುವ ಒಂದು ಊರಿನಿಂದ ಕನ್ನಡ ಮಾತಾಡುವ ಇನ್ನೊಂದು ಊರಿಗೆ ಹೋಗುವುದು ಅಂದರೆ ಬೇರೆ ಸರ್ಕಾರದ ಊರಿಗೆ ಹೋದಂತೆ. ಆ ಸೀಮೆಯಲ್ಲಿ ಮಳೆ ಜಾಸ್ತಿ, ಗದ್ದೆ ಕಡಿಮೆ, ಮನೆ ತುಂಬ ಮಕ್ಕಳು. ಕೈಯಲ್ಲಿದ್ದ ಒಂದೇ ಬಂಡವಾಳ ಅಂದರೆ ನೂರಾರು ಜನಕ್ಕೆ ಒಟ್ಟಿಗೆ ಅಡುಗೆ ಮಾಡುವ ವಿದ್ಯೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಓದಿದವರಿಗೆ ಇದು ಗೊತ್ತಿರುತ್ತದೆ. ಆ ಕಾದಂಬರಿಯಲ್ಲೂ ಕರಾವಳಿಯ ಮನೆಯ ಮಕ್ಕಳು ಬೆಂಗಳೂರಿಗೆ ಬಂದು ಹೋಟೆಲು ಇಡುತ್ತಾರೆ.

1920ರ ಸುಮಾರಿಗೆ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿಗೆ ಬಂದರು. ಶುರುವಿನಲ್ಲಿ ದೊಡ್ಡವರ ಮನೆಗಳಲ್ಲಿ ಅಡುಗೆ ಕೆಲಸ. 1924ರಲ್ಲಿ ಅಣ್ಣಂದಿರಾದ ಪರಮೇಶ್ವರ ಮಯ್ಯ, ಗಣಪ್ಪಯ್ಯ ಮಯ್ಯ ಸೇರಿ ಲಾಲ್‌ಬಾಗ್ ಫೋರ್ಟ್ ರಸ್ತೆಯಲ್ಲಿ ಒಂದು ಸಣ್ಣ ಅಂಗಡಿ ತೆರೆದರು. ಕಾಫಿ, ಇಡ್ಲಿ, ಅಷ್ಟೇ. ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. 1929ರಲ್ಲಿ ಪರಮೇಶ್ವರ ಮಯ್ಯರು ತೀರಿಕೊಂಡರು. ಯಜ್ಞನಾರಾಯಣ ಮಯ್ಯರು ಅಂಗಡಿಗೆ ಕೈಹಾಕಿದ್ದು ಆ ಸಾವಿನ ನಂತರ. ತಾವೇ ಶುರುಮಾಡಿದ ಅಂಗಡಿ ಅಲ್ಲ, ತಲೆಯ ಮೇಲೆ ಬಿದ್ದ ಅಂಗಡಿ.

ಆ ಹೆಸರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಆಗಿನ ಕಾಲದಲ್ಲಿ ಮಡಿವಂತರು ಹೊರಗೆ ತಿನ್ನುವುದು ದೊಡ್ಡ ತಪ್ಪು. ಯಾರು ಬೇಯಿಸಿದರು, ಪಕ್ಕದಲ್ಲಿ ಯಾರು ಕೂತರು ಅನ್ನುವುದೇ ದೊಡ್ಡ ಪ್ರಶ್ನೆ. ಬೋರ್ಡಿನ ಮೇಲೆ ಜಾತಿಯ ಹೆಸರು ಇದ್ದದ್ದು ಅಡುಗೆಯವರು ಯಾರು ಅನ್ನುವುದನ್ನು ಮೊದಲೇ ಹೇಳುವುದಕ್ಕೆ. ಹೋಟೆಲು ಸಮಾಜವನ್ನು ಬದಲಿಸಿತು ಅಂತ ಸುಲಭವಾಗಿ ಹೇಳುತ್ತೇವೆ. ಬದಲಿಸಿತು, ಆದರೆ ಎಲ್ಲರಿಗೂ ಒಂದೇ ದಿನ ಬಾಗಿಲು ತೆರೆಯಲಿಲ್ಲ. ಎಷ್ಟೋ ಊರುಗಳ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇತ್ತು, ದಲಿತರಿಗೆ ಒಳಗೆ ಜಾಗವೇ ಇರಲಿಲ್ಲ. ಹೋಟೆಲಿಗೆ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯುವಂತಿಲ್ಲ ಎಂದು 1950ರ ಸಂವಿಧಾನ ಹೇಳಿತು, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದನ್ನು ಶಿಕ್ಷೆಯ ವಿಷಯ ಮಾಡಿತು. ಮಯ್ಯರ ಬೋರ್ಡಿನಿಂದ ಜಾತಿಯ ಹೆಸರು ಹೋದದ್ದು 1960ರಲ್ಲಿ. ಅದು ಮುಂದೆ ಬರುತ್ತದೆ.

ಅಕ್ಕಿ ಇಲ್ಲದ ಇಡ್ಲಿ

ಈಗ ಫಾರ್ವರ್ಡ್‌ನ ಎರಡನೇ ಭಾಗ. 1942ರಲ್ಲಿ ಜಪಾನ್ ಸೈನ್ಯ ಬರ್ಮಾ ದೇಶವನ್ನು ಹಿಡಿಯಿತು. ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಯ ಬೆಲೆ ಏರಿತು, ಊರೂರಲ್ಲಿ ರೇಷನ್ ಬಂತು. ಇಡ್ಲಿ ಮಾರಿ ಬದುಕುವ ಹೋಟೆಲಿಗೆ ಅಕ್ಕಿ ಇಲ್ಲ ಅಂದರೆ ಬಾಗಿಲು ಮುಚ್ಚುವ ಸ್ಥಿತಿ. ಆ ಹೊತ್ತಿನಲ್ಲಿ ಅಕ್ಕಿಯ ಬದಲು ಗೋಧಿ ರವೆ ಹಾಕಿ ಇಡ್ಲಿ ಮಾಡಿ ನೋಡಿದರು, ಅದೇ ರವೆ ಇಡ್ಲಿ ಆಯಿತು ಎಂಬುದು ಹೋಟೆಲಿನವರು ಮೊದಲಿನಿಂದ ಹೇಳಿಕೊಂಡು ಬಂದ ಕತೆ. ಯುದ್ಧದ ಕಾಲ, ಅಕ್ಕಿಯ ಬರ, ಗಿರಾಕಿಯ ಹಸಿವು ಎಲ್ಲವೂ ಆ ಕತೆಗೆ ಹೊಂದುತ್ತವೆ. ಆದ್ದರಿಂದ ಫಾರ್ವರ್ಡ್‌ನ ಈ ಸಾಲನ್ನು ನಾನು ಸುಳ್ಳು ಅನ್ನುವುದಿಲ್ಲ.

ಅಕ್ಕಿ ಇಲ್ಲದೆ ಇಡ್ಲಿ ಹೇಗೆ ಅಂತ ಮೂಗು ಮುರಿಯುವವರೂ ಇದ್ದಾರೆ. ಅವರಿಗೆ ಒಂದು ಹಳೆಯ ವಿಷಯ. ಕನ್ನಡದ ಅತಿ ಹಳೆಯ ಗದ್ಯಗಳಲ್ಲಿ ಒಂದಾದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆ ಎಂಬ ತಿಂಡಿಯ ಹೆಸರು ಬರುತ್ತದೆ. ಅದು ಹತ್ತನೇ ಶತಮಾನದ ಸುಮಾರಿನದು. ಆಮೇಲೆ 1025ರ ಸುಮಾರಿಗೆ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅದನ್ನು ಮಾಡುವ ವಿಧಾನ ಇದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ರುಬ್ಬಿ ಮೊಸರಿನ ತಿಳಿ, ಮಸಾಲೆ ಸೇರಿಸುವುದು. ಅಲ್ಲಿ ಅಕ್ಕಿಯ ಮಾತೇ ಇಲ್ಲ. ಸಾವಿರ ವರ್ಷದ ಹಿಂದೆ ಅಕ್ಕಿ ಇಲ್ಲದ ಇಡ್ಲಿ ಇತ್ತು, 1940ರ ದಶಕದಲ್ಲಿ ಅಕ್ಕಿ ಸಿಗದೆ ಮತ್ತೊಂದು ಬಂತು.

ಆದರೆ ನನ್ನ ಪ್ರಕಾರ ರವೆ ಇಡ್ಲಿಯ ದೊಡ್ಡ ವಿಷಯ ಅಕ್ಕಿ ಬಿಟ್ಟದ್ದು ಅಲ್ಲ. ರಾತ್ರಿಯನ್ನು ಬಿಟ್ಟದ್ದು. ಮಾಮೂಲಿ ಇಡ್ಲಿಗೆ ಬೇಳೆ ನೆನೆಸಬೇಕು, ಒರಳುಕಲ್ಲಿನಲ್ಲಿ ರುಬ್ಬಬೇಕು, ರಾತ್ರಿಯಿಡೀ ಹುದುಗಲು ಬಿಡಬೇಕು. ಅಷ್ಟು ಹೊತ್ತಿನಲ್ಲಿ ಹಿಟ್ಟಿನಲ್ಲಿರುವ ಲ್ಯಾಕ್ಟಿಕ್ ಆ್ಯಸಿಡ್ ಬ್ಯಾಕ್ಟೀರಿಯಾಗಳು ಹುಳಿ ಮತ್ತು ಗಾಳಿ ಎರಡನ್ನೂ ಹುಟ್ಟಿಸುತ್ತವೆ, ಹಿಟ್ಟು ಉಬ್ಬುತ್ತದೆ. ರವೆ ಇಡ್ಲಿಯಲ್ಲಿ ಆ ಕೆಲಸವನ್ನು ಮೊಸರು ಮತ್ತು ಸೋಡಾ ಕೆಲವೇ ನಿಮಿಷದಲ್ಲಿ ಮಾಡುತ್ತವೆ. ಮೊಸರಿನ ಹುಳಿ ಸೋಡಾಕ್ಕೆ ತಾಗಿದಾಗ ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಏಳುತ್ತದೆ, ಹಬೆಯಲ್ಲಿ ಆ ಗುಳ್ಳೆ ಹಿಗ್ಗುತ್ತದೆ. ರುಬ್ಬುವ ಕಲ್ಲು ಬೇಡ, ರಾತ್ರಿ ಬೇಡ. ಹುರಿದ ರವೆಯನ್ನು ಪ್ಯಾಕೆಟ್ಟಿನಲ್ಲಿ ತಿಂಗಳುಗಟ್ಟಲೆ ಇಡಬಹುದು. ಇವತ್ತು ದೇವನಹಳ್ಳಿ, ಹೊಸಕೋಟೆಯ ಯಾವ ದಿನಸಿ ಅಂಗಡಿಯಲ್ಲೂ ತೂಗುಹಾಕಿರುವ ಇನ್‌ಸ್ಟಂಟ್ ಮಿಕ್ಸ್ ಪ್ಯಾಕೆಟ್ಟಿನ ಬೀಜ ಅಲ್ಲಿದೆ.

ಇನ್ನು ಶುಗರ್ ಔಷಧಿಯ ಮಾತು. ಇದು ಸುಳ್ಳು, ಇದನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ರವೆ ಅಂದರೆ ಹೊಟ್ಟು ತೆಗೆದ ಗೋಧಿ. ಅದರಲ್ಲಿ ಹೆಚ್ಚಾಗಿ ಇರುವುದು ಪಿಷ್ಟವೇ, ಅಕ್ಕಿಯಲ್ಲಿ ಇರುವಂತೆಯೇ. ಅಕ್ಕಿ ಇಲ್ಲ ಅಂದ ಮಾತ್ರಕ್ಕೆ ರಕ್ತದಲ್ಲಿ ಸಕ್ಕರೆ ಏರದೆ ಇರುವುದಿಲ್ಲ. ಜೊತೆಗೆ ತುಪ್ಪ, ಗೋಡಂಬಿ, ಆಲೂಗಡ್ಡೆ ಸಾಗು. ರುಚಿ ಇರುವುದೂ ಅದರಿಂದಲೇ ಅನ್ನಿ. ಸೋಡಾ ವಿಷ ಎಂಬ ಇನ್ನೊಂದು ಫಾರ್ವರ್ಡ್ ಕೂಡ ಇದೆ. ವಿಷ ಅಲ್ಲ. ಆದರೆ ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇರುತ್ತದೆ. ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಇರಲಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಿಪಿ ಇರುವವರು ಸೋಡಾವನ್ನೂ ಉಪ್ಪಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

1951ರ ಪ್ರವಾಸ

ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಹೋಟೆಲು ಚೆನ್ನಾಗಿ ನಡೆಯುತ್ತಿತ್ತು. ಇಲ್ಲಿಗೆ ನಿಂತಿದ್ದರೆ ಮಯ್ಯರು ಬೆಂಗಳೂರಿನ ನೂರು ಹೋಟೆಲು ಮಾಲೀಕರಲ್ಲಿ ಒಬ್ಬರಾಗಿ ಉಳಿಯುತ್ತಿದ್ದರು. 1951ರಲ್ಲಿ ಅವರು ಯುರೋಪ್‌ಗೆ ಹೊರಟರು. ಊರು ನೋಡುವುದಕ್ಕಲ್ಲ, ಅಲ್ಲಿನ ಹೋಟೆಲುಗಳು ಹೇಗೆ ನಡೆಯುತ್ತವೆ ಅಂತ ನೋಡುವುದಕ್ಕೆ. ಅದು ಕಡಲು ದಾಟಿದರೆ ಮಡಿ ಕೆಟ್ಟಿತು ಅನ್ನುವವರು ಇನ್ನೂ ಇದ್ದ ಕಾಲ. ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬ ಬೋರ್ಡು ಹಾಕಿಕೊಂಡವರೇ ಹೊರಟದ್ದು ನನಗೆ ಈ ಕತೆಯ ಅತ್ಯಂತ ಇಷ್ಟದ ಭಾಗ.

ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ತಿಂಡಿಯ ಬಗೆಗಳಲ್ಲ, ಶುಚಿ ಮತ್ತು ಶಿಸ್ತು. ತೊಳೆಯುವ ರೀತಿ, ಬಡಿಸುವ ರೀತಿ, ಗಿರಾಕಿ ಅಡುಗೆಮನೆಯ ಕಡೆ ಕಣ್ಣು ಹಾಯಿಸಲು ಸಾಧ್ಯವಾಗುವಂಥ ಏರ್ಪಾಡು. ವಾಪಸ್ ಬಂದವರು ಲೋಟ, ಚಮಚ, ತಟ್ಟೆಗಳನ್ನು ಹಬೆಯಲ್ಲಿ ಕಾಯಿಸಿ ಸ್ಟೆರಿಲೈಜ್ ಮಾಡುವ ಪದ್ಧತಿ ತಂದರು. ಗಿರಾಕಿಗಳಿಗೆ ಆರೋಗ್ಯಕರವಾಗಿ ತಿನ್ನುವುದು ಹೇಗೆ, ಊಟದ ಜಾಗದಲ್ಲಿ ನಡೆದುಕೊಳ್ಳುವುದು ಹೇಗೆ ಎಂದು ಸಣ್ಣ ಪುಸ್ತಿಕೆಗಳನ್ನು ಅಚ್ಚು ಹಾಕಿಸಿ ಹಂಚಿದರು. ತಿನ್ನಲು ಬಂದವನಿಗೆ ಪಾಠ ಹೇಳುವ ಮಾಲೀಕ! ಇವತ್ತು ಯಾರಾದರೂ ಹೀಗೆ ಮಾಡಿದರೆ ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಹೋಗುತ್ತೇವೆ.

ಹಬೆಯ ಪದ್ಧತಿ ಯಾಕೆ ದೊಡ್ಡದು? ಟೈಫಾಯ್ಡ್, ಕಾಲರಾ, ಭೇದಿಯ ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ. ಬಕೆಟ್ಟಿನ ಒಂದೇ ನೀರಿನಲ್ಲಿ ಇಪ್ಪತ್ತು ಲೋಟ ಅದ್ದಿ ತೆಗೆದರೆ ಲೋಟ ಹೊಳೆಯುತ್ತದೆ, ಆದರೆ ಒಬ್ಬರ ಬಾಯಿಂದ ಬಂದದ್ದು ಇಪ್ಪತ್ತು ಜನಕ್ಕೆ ಹೋಗುತ್ತದೆ. ಜೋರು ಹಬೆಯಲ್ಲಿ ಕೆಲವು ನಿಮಿಷ ಇಟ್ಟರೆ ಈ ರೋಗಾಣುಗಳು ಉಳಿಯುವುದಿಲ್ಲ. ಮಡಿ ಅಂದರೆ ಅಡುಗೆಯವನ ಜಾತಿ ಎಂದು ನಂಬಿದ್ದ ಊರಿನಲ್ಲಿ, ಶುಚಿ ಅಂದರೆ ಲೋಟದ ಮೇಲಿನ ಕ್ರಿಮಿ ಸಾಯುವುದು ಎಂಬ ಲೆಕ್ಕ ಶುರುವಾಯಿತು.

1960ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂತು. ಹೆಸರೂ ಬದಲಾಯಿತು. ಬ್ರಾಹ್ಮಿನ್ ಕಾಫಿ ಕ್ಲಬ್ ಹೋಗಿ ಬಡಾವಣೆಯ ಹೆಸರಿನ ಮಾವಳ್ಳಿ ಟಿಫನ್ ರೂಮ್ಸ್ ಆಯಿತು, ಜನರ ಬಾಯಲ್ಲಿ ಎಂಟಿಆರ್. ಹಳಬರು ಈಗಲೂ ನೆನೆಸಿಕೊಳ್ಳುವ ವಿಷಯ ಒಂದಿದೆ. ಗಿರಾಕಿಗಳು ತಿನ್ನುವ ಕೋಣೆಗೆ ಅಡುಗೆಮನೆಯ ಮೂಲಕವೇ ಹಾದು ಹೋಗಬೇಕಿತ್ತು. ದೋಸೆಯ ಕಾವಲಿ, ತುಪ್ಪದ ಪಾತ್ರೆ, ಅಡುಗೆಯವರ ಕೈ, ನೆಲದ ಮೇಲಿನ ನೀರು, ಎಲ್ಲವೂ ಕಣ್ಣೆದುರಿಗೆ. ತೋರಿಸಬೇಕು ಅಂದಮೇಲೆ ಅಡುಗೆಮನೆಯನ್ನು ದಿನವೂ ತೋರಿಸುವಂತೆ ಇಟ್ಟುಕೊಳ್ಳಲೇಬೇಕು.

1968ರಲ್ಲಿ ಯಜ್ಞನಾರಾಯಣ ಮಯ್ಯರು ತೀರಿಕೊಂಡರು. ಹೋಟೆಲು ಮುಂದಿನ ತಲೆಮಾರಿನ ಹರಿಶ್ಚಂದ್ರ ಮಯ್ಯರ ಕೈಗೆ ಬಂತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲು ತಿಂಡಿಯ ಬೆಲೆ ಇಳಿಸಲು ಹೇಳಿತು. ಆ ಬೆಲೆಗೆ ಹಳೆಯ ಗುಣಮಟ್ಟದಲ್ಲಿ ಕೊಟ್ಟರೆ ನಷ್ಟ. ಎಂಟಿಆರ್‌ನವರು ಗುಣಮಟ್ಟ ಇಳಿಸಲಿಲ್ಲ, ದಿನದ ನಷ್ಟ ಎಷ್ಟು ಅಂತ ಹೊರಗೆ ಬೋರ್ಡಿನ ಮೇಲೆ ಬರೆದು ಹಾಕಿದರು. ಕೊನೆಗೆ ಹೋಟೆಲು ಮುಚ್ಚಿತು. ಕೆಲಸದವರು ಬೀದಿಗೆ ಬೀಳಬಾರದು ಎಂದು ಪಕ್ಕದಲ್ಲೇ ಮಸಾಲೆ ಪುಡಿ, ತಿಂಡಿ ಮಿಕ್ಸ್ ಮಾರುವ ಅಂಗಡಿ ಬೆಳೆಸಿದರು. ಹೋಟೆಲು ಮತ್ತೆ ತೆರೆದದ್ದು 1984ರಲ್ಲಿ. ಆ ಪ್ಯಾಕೆಟ್ ವ್ಯಾಪಾರ ಎಷ್ಟು ಬೆಳೆಯಿತು ಅಂದರೆ 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕಂಪನಿ ಅದನ್ನು ಕೊಂಡಿತು. ಹೋಟೆಲು ಮಾತ್ರ ಮಯ್ಯರ ಮನೆಯವರ ಬಳಿಯೇ ಉಳಿಯಿತು. ವಿದೇಶಿ ಕಂಪನಿ ನಮ್ಮ ತಿಂಡಿ ಕೆಡಿಸಿತು ಅನ್ನುವ ಫಾರ್ವರ್ಡ್ ಕಳಿಸುವ ಎಷ್ಟೋ ಮನೆಗಳಲ್ಲಿ ಬೆಳಗಿನ ರವೆ ಇಡ್ಲಿಯ ಪ್ಯಾಕೆಟ್ಟೇ ವಿದೇಶಿ ಮಾಲೀಕರದು.

ನಮ್ಮ ಜಿಲ್ಲೆಯ ಹೆದ್ದಾರಿಯಲ್ಲಿ

ಇದನ್ನೆಲ್ಲ ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಬೆಂಗಳೂರು ಗ್ರಾಮಾಂತರ. ಸುತ್ತಲೂ ರಾಗಿ ಬೆಳೆಯುವ ಸೀಮೆ ಇದು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ರಸ್ತೆಯ ಎರಡೂ ಬದಿ ಬದಲಾಯಿತು. ನೆಲಮಂಗಲದಲ್ಲಿ ತುಮಕೂರು, ಹಾಸನದ ಕಡೆ ಹೋಗುವ ವಾಹನಗಳು ತಿಂಡಿಗೆ ನಿಲ್ಲುತ್ತವೆ. ಹೊಸಕೋಟೆಯಲ್ಲಿ ಭಾನುವಾರ ಬೆಳಕು ಹರಿಯುವ ಮುಂಚೆ ಬಿರಿಯಾನಿಗೆ ಕ್ಯೂ. ನಮ್ಮೂರಲ್ಲಿ ಬೆಳಗ್ಗೆ ಗಾರ್ಮೆಂಟ್ಸ್ ವ್ಯಾನ್ ಹತ್ತುವ ಹೆಣ್ಣುಮಕ್ಕಳಿಗೆ ಮುದ್ದೆ ತಿರುವುತ್ತಾ ಕೂರಲು ಹೊತ್ತೆಲ್ಲಿದೆ? ಬೇಗ ಸಿಗುವ ತಿಂಡಿ ಸೋಮಾರಿತನದಿಂದ ಬಂದದ್ದಲ್ಲ, ಕೆಲಸದ ಗಂಟೆಯಿಂದ ಬಂದದ್ದು. ಅವರನ್ನು ಬೈಯುವ ಫಾರ್ವರ್ಡ್‌ಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಾಗಂತ ತೊಂದರೆ ಇಲ್ಲವೇ? ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಹೆಂಗಸರಲ್ಲಿ ಸುಮಾರು 30 ಶೇಕಡಾ ಮಂದಿಗೆ ಅಧಿಕ ತೂಕ ಅಥವಾ ಬೊಜ್ಜು ಇತ್ತು. ಗಂಡಸರಲ್ಲೂ ಹತ್ತಿರ ಹತ್ತಿರ ಅಷ್ಟೇ. ಇದಕ್ಕೆ ಹೋಟೆಲು ತಿಂಡಿ ಒಂದೇ ಕಾರಣ ಅಲ್ಲ. ಮನೆಯ ಅನ್ನ, ಕೂತು ಮಾಡುವ ಕೆಲಸ, ನಿದ್ದೆ ಎಲ್ಲವೂ ಸೇರಿವೆ. ಆದರೆ ಕರಿದದ್ದು, ಉಪ್ಪು, ಸಕ್ಕರೆ ಪಾನೀಯ ಕೈಗೆಟುಕುವ ಬೆಲೆಗೆ ಪ್ರತಿ ತಿರುವಿನಲ್ಲೂ ಸಿಗುವಾಗ ತೂಕ ಇಳಿಸುವುದು ಕಷ್ಟ.

ಬಣ್ಣದ ವಿಷಯ ಇನ್ನೂ ನೇರ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದ 171 ಗೋಬಿ ಮಂಚೂರಿ ಸ್ಯಾಂಪಲ್‌ಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಇಂಥ ಬಣ್ಣಗಳಲ್ಲಿ ಒಂದಾದ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಮಗ್ಗದ ಊರಿನವಳಾದ ನನಗೆ ಬಟ್ಟೆಯ ಬಣ್ಣ ಅಂದರೆ ಏನು ಅಂತ ಚೆನ್ನಾಗಿ ಗೊತ್ತು, ಅದು ಕೈಗೆ ಹತ್ತಿದರೆ ವಾರಗಟ್ಟಲೆ ಹೋಗುವುದಿಲ್ಲ. ಕೆಂಪಗೆ ಹೊಳೆಯುವ ಗೋಬಿ ಕೊಟ್ಟರೆ ಬೇಡ ಅನ್ನಿ. ಎಣ್ಣೆಯನ್ನೂ ನೋಡಿ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಅಂಶ 25 ಶೇಕಡಾ ಮೀರಿದರೆ ಬಳಸಬಾರದು ಎಂದು 2018ರಿಂದ ಕಾನೂನಿದೆ. ಮೀಟರ್ ನಮ್ಮ ಹತ್ತಿರ ಇರುವುದಿಲ್ಲ. ಕಪ್ಪಾಗಿ, ಅಂಟಂಟಾಗಿ, ನೊರೆ ಬರುತ್ತಿದ್ದರೆ ಅಷ್ಟು ಸಾಕು.

ಇಡ್ಲಿಯ ಕಡೆ ಹೆಚ್ಚು ಹೆದರಬೇಕಾಗಿಲ್ಲ. ಹಬೆಯಲ್ಲಿ ಬೆಂದ ಬಿಸಿ ಇಡ್ಲಿಯಲ್ಲಿ ರೋಗಾಣು ಉಳಿಯುವುದು ಕಷ್ಟ. ಹೊಟ್ಟೆ ಕೆಡಿಸುವುದು ಹೆಚ್ಚಾಗಿ ಪಕ್ಕದ ಬಟ್ಟಲು. ಹಸಿ ತೆಂಗಿನಕಾಯಿ ಚಟ್ನಿ ಬೇಯುವುದಿಲ್ಲ, ಬೆಳಗ್ಗೆ ರುಬ್ಬಿ ಮಧ್ಯಾಹ್ನದವರೆಗೂ ಹೊರಗೇ ಇರುತ್ತದೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಗಳು ಬೇಗ ಬೆಳೆಯುತ್ತವೆ. ಹೋದ ಬೇಸಿಗೆಯಲ್ಲಿ ಹೆದ್ದಾರಿಯ ಒಂದು ಹೋಟೆಲಿನಲ್ಲಿ ಹುಳಿ ವಾಸನೆ ಬರುತ್ತಿದ್ದ ಚಟ್ನಿಯನ್ನು ಮೊಸರು ಹಾಕಿರಬೇಕು ಅಂದುಕೊಂಡು ತಿಂದೆ. ಎರಡು ದಿನ ಓಆರ್‌ಎಸ್ ಕುಡಿದು ಮಲಗಿದೆ. ಕಮ್ಯುನಿಕೇಶನ್‌ನಲ್ಲಿ ಎಂಎ ಮಾಡಿದವಳ ಬುದ್ಧಿ ಅಷ್ಟು.

ಅದಾದ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಕೈತೊಳೆಯುವ ನೆಪದಲ್ಲಿ ಎದ್ದು ಅಡುಗೆಮನೆಯ ಬಾಗಿಲ ಹತ್ತಿರ ನಿಂತು, ಒಳಗೆ ಸ್ವಲ್ಪ ನೋಡಬಹುದಾ ಅಣ್ಣ ಅಂತ ಕೇಳುತ್ತೇನೆ. 1980ರ ದಶಕದಲ್ಲಿ ಬಂದ ದರ್ಶಿನಿಗಳಲ್ಲಿ ಕೇಳಬೇಕಾಗಿಯೇ ಇಲ್ಲ, ಕೌಂಟರ್ ಹಿಂದೆ ಎಲ್ಲ ಕಾಣುತ್ತದೆ. ಬಾಗಿಲು ಮುಚ್ಚಿದ ಕಡೆಗಳಲ್ಲಿ ಕೆಲವರು ನಗುತ್ತಾ ತೋರಿಸಿದ್ದಾರೆ, ಕೆಲವರು ಸಾಹೇಬರು ಇಲ್ಲ ಅಂದಿದ್ದಾರೆ. ಫೋನಿನಲ್ಲಿ ಆರ್ಡರ್ ಮಾಡಿದಾಗ ಮಾತ್ರ ಕೇಳುವುದಕ್ಕೆ ಬಾಗಿಲೇ ಇರುವುದಿಲ್ಲ. ಆಗ ಕೈಗೆ ಸಿಗುವುದು ಬಿಲ್ಲಿನ ಮೇಲಿರುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಒಂದೇ. ಅದನ್ನು ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು, ದೂರು ಕೊಡುವುದಿದ್ದರೂ ಅಲ್ಲೇ ಕೊಡಬಹುದು.

ಈ ಲೇಖನದ ಕರಡನ್ನು ಮೊದಲು ಸೋದರಮಾವನಿಗೇ ಕಳಿಸಿದೆ. ಹತ್ತು ನಿಮಿಷದಲ್ಲಿ ನೀಲಿ ಗೆರೆ ಬಂತು. ಆಮೇಲೆ ಅವರ ಪ್ರಶ್ನೆ ಬಂತು: ಹಾಗಾದರೆ ನನ್ನ ಶುಗರ್‌ಗೆ ರವೆ ಇಡ್ಲಿ ಎಷ್ಟು ತಿನ್ನಬಹುದು ಹೇಳು. ಒಂದು ತಿನ್ನಿ ಮಾವ, ಜೊತೆಗೆ ತರಕಾರಿ ಹೆಚ್ಚಿರುವ ಸಾಂಬಾರ್ ಹಾಕಿಕೊಳ್ಳಿ, ಎರಡು ಗಂಟೆ ಬಿಟ್ಟು ಗ್ಲೂಕೋಮೀಟರ್‌ನಲ್ಲಿ ನೋಡಿ, ಆ ನಂಬರನ್ನು ನಿಮ್ಮ ಡಾಕ್ಟರಿಗೆ ತೋರಿಸಿ ಅಂತ ಬರೆದೆ. ಗ್ರೂಪಿಗೆ ಇನ್ನೂ ಏನೂ ಫಾರ್ವರ್ಡ್ ಮಾಡಿಲ್ಲ.